ಮೆಟ್ಟುಗಲ್ಲಿನ ಮೇಲೆ ಒಂದು ಜೊತೆ ಬೂಟು

"ಕಳ್ಳತನಕ್ಕೆ ಬಂದವನು ಬೂಟು ಬಿಚ್ಚಿಟ್ಟು ಒಳಗೆ ಹೋಗ್ತಾನೇನ್ರೀ?" ಎಂದಳು ತಮಾಕಿ.

"ನಮ್ಮ ಕಡೆ ಹೋಗ್ತಾನೆ," ಎಂದ ಇನ್‌ಸ್ಪೆಕ್ಟರ್ ಕುಗಾ. "ಹೋದ ಚಳಿಗಾಲದಲ್ಲಿ ಒಬ್ಬನ್ನ ಹಿಡಿದೆ. ಅಕ್ಕಿ ಅಂಗಡಿಗೆ ಕನ್ನ ಹಾಕಿದ್ದ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿದ್ದ. ಓಡುವಾಗ ಮೆಟ್ಟಿಕೊಳ್ಳೋಕೆ ಪುರಸೊತ್ತಾಗಲಿಲ್ಲ. ಬರಿಗಾಲಲ್ಲಿ ಹಿಮದಲ್ಲಿ ಎಷ್ಟು ದೂರ ಹೋದಾನು? ಕಾಲು ಎತ್ತಿ ಎತ್ತಿ ಕುಣೀತಾ ಇದ್ದ, ಹೋಗಿ ಎತ್ತಿಕೊಂಡು ಬಂದೆ."

ಇಬ್ಬರ ನಡುವೆ ಮೇಜಿನ ಮೇಲೆ ಒಂದು ಫೋಟೋ ಬಿದ್ದಿತ್ತು. ಕಂದು ಚರ್ಮದ, ದಾರ ಕಟ್ಟುವ ಪಟ್ಟಣದ ಬೂಟು, ಒಂದು ಜೊತೆ. ಮಿಕುರಿಯಾ ಮನೆಯ ಹೆಬ್ಬಾಗಿಲ ಒಳಗೆ, ಜಗಲಿಯ ಕೆಳಗಿನ ಮೆಟ್ಟುಗಲ್ಲಿನ ನಟ್ಟನಡುವೆ, ಮೂತಿ ಬಾಗಿಲ ಕಡೆಗೆ ಮಾಡಿಕೊಂಡು ಕೂತಿತ್ತು. ಅದರ ಒಡೆಯ, ಹಳೆ ಸಾಮಾನಿನ ವ್ಯಾಪಾರಿ ತೊಗಾನೊ, ಆ ಹೊತ್ತಿಗೆ ಅದೇ ಮನೆಯ ಉಗ್ರಾಣದ ಮೆಟ್ಟಿಲ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದ.

ಹೆಣ ನೋಡಿ ಪೊಲೀಸರಿಗೆ ತಿಳಿಸಿದವನು ಟ್ಯಾಕ್ಸಿಯ ಯಾಸುತೊ. ತಿಳಿಸಿದ ತಪ್ಪಿಗೆ ಅವನನ್ನೇ ಒಳಗೆ ಹಾಕಿದ್ದರು. ತಮಾಕಿ ಇಸೊಬೆ ಅವನ ಅಕ್ಕ.

ಹಾಕಲು ಕಾರಣವೂ ಇತ್ತೆನ್ನಿ. ಹಿಂದಿನ ಸಂಜೆ ನೂಡಲ್ಸ್ ಅಂಗಡಿಯ ಮುಂದೆ ಯಾಸುತೊ ಈ ತೊಗಾನೊನ ಕೊರಳಪಟ್ಟಿ ಹಿಡಿದು ಮೇಲಕ್ಕೆತ್ತಿದ್ದ. ನೋಡಿದವರು ಎಂಟು ಜನ, ಹೇಳಿಕೆ ಕೊಟ್ಟವರು ಹದಿಮೂರು. ಜಗಳ ಒಂದು ಹಡಗುಪೆಟ್ಟಿಗೆಯದು. ಯಾಸುತೊನ ಅಮ್ಮ ಮದುವೆಗೆ ಮುಂಚೆ ಮಿಕುರಿಯಾ ಮನೆಯಲ್ಲಿ ಕೆಲಸಕ್ಕಿದ್ದಾಗ, ಹಿರಿಯ ಒಡತಿ ಉಡುಗೊರೆಯಾಗಿ ಕೊಟ್ಟಿದ್ದ ಕಬ್ಬಿಣದ ಪಟ್ಟಿಯ ಪೆಟ್ಟಿಗೆ. ವಸಂತದಲ್ಲಿ ತೊಗಾನೊ ಬಂದವನು ಮುದುಕಿ ಅಮ್ಮನ ಎದುರು ಮಂಡಿಯೂರಿ ಸಿಹಿಮಾತಾಡಿ, ಒಣ ಪರ್ಸಿಮನ್ ಹಣ್ಣಿನ ಒಂದು ಪೊಟ್ಟಣ ಕೈಗಿಟ್ಟು, ಪೆಟ್ಟಿಗೆ ಎತ್ತಿಕೊಂಡು ಹೋಗಿದ್ದ. ಈಗ ಅದು ಯಾವುದೋ ಪಟ್ಟಣದ ಹೋಟೆಲಿನಲ್ಲಿ ಗಾಜಿನೊಳಗೆ ಕೂತಿದೆಯಂತೆ. ನೋಡಬೇಕಾದರೆ ಅಲ್ಲೇ ಊಟ ಮಾಡಬೇಕಂತೆ.

ಇವಾದೊಮಾರಿ ಎಂಬ ಈ ಊರಿನಲ್ಲಿ ಟ್ಯಾಕ್ಸಿ ಒಂದೇ. ಹೀಗಾಗಿ ಸಂಜೆ ಕೊರಳಪಟ್ಟಿ ಹಿಡಿದವನೇ ಮರುದಿನ ಬೆಳಿಗ್ಗೆ ಬಾಗಿಲು ತೆಗೆದು, ತಲೆಬಾಗಿ, ತೊಗಾನೊನನ್ನು ಕೂರಿಸಿಕೊಂಡು ಮಿಕುರಿಯಾ ಮನೆಯ ಮುಂದೆ ಇಳಿಸಿದ್ದ. ಪ್ರವಾಸಿಗಳು ಟಿಕೆಟ್ಟು ಕೊಂಡು ನೋಡುವ ಹಳೆ ಮನೆ, ಅವತ್ತು ಬಾಗಿಲು ಮುಚ್ಚಿದ ದಿನ. ಒಂದು ಗಂಟೆ ಬಿಟ್ಟು ಕರೆದೊಯ್ಯಲು ಬಂದಾಗ ಹೆಣ. ಇಬ್ಬರೂ ಸೇರಿ ಕದಿಯಲು ಹೋದರು, ಪಾಲಿಗೆ ಜಗಳ ಬಿತ್ತು, ಯಾಸುತೊ ನೂಕಿದ. ಇದು ಪೊಲೀಸರ ಕಥೆ.

"ಸರಿ, ಬಿಚ್ಚಿಟ್ಟ ಅಂತಲೇ ಇಟ್ಕೊಳ್ಳಿ," ಎಂದಳು ತಮಾಕಿ. "ಮೂತಿ ಬಾಗಿಲ ಕಡೆಗೆ ತಿರುಗಿಸಿದ್ದು ಯಾರು?"

"ಅವನೇ. ಒಳ್ಳೆ ಮನೇಲಿ ಬೆಳೆದಿರಬೇಕು. ನನ್ನ ಹೆಂಡತಿ ನನಗೆ ಅದನ್ನ ಕಲಿಸೋಕೆ ಮದುವೆಯಾದಾಗಿಂದ ಒದ್ದಾಡ್ತಿದ್ದಾಳೆ."

"ಬಂದವನು ತಾನೇ ತಿರುಗಿಸಿದರೆ ಪಕ್ಕಕ್ಕೆ, ಮೂಲೆಗೆ ಸರಿಸಿ ಇಡ್ತಾನೆ ಇನ್‌ಸ್ಪೆಕ್ಟರೇ. ಇನ್ನೊಬ್ಬರ ಮನೆ ಮೆಟ್ಟುಗಲ್ಲಿನ ನಡುವೆ ತನ್ನ ಬೂಟು ತಾನೇ ಮೆರೆಸೋ ಅಷ್ಟು ಎದೆಗಾರಿಕೆ ಈ ದೇಶದಲ್ಲಿ ಯಾರಿಗಿದೆ? ನಡುಗಲ್ಲಿಗೆ ಇಡೋದು ಮನೆಯವರು. ಬಂದವರನ್ನ ಒಳಗೆ ಕೂರಿಸಿ, ಹಿಂದೆ ಬಂದು, ಮಂಡಿಯೂರಿ. ಕಳ್ಳನ ಬೂಟಿಗೆ ಯಾರಾದರೂ ಮಂಡಿಯೂರ್ತಾರಾ? ಇವನು ಕಳ್ಳ ಅಲ್ಲ, ಅತಿಥಿ. ಯಾರೋ ಬಾಗಿಲು ತೆಗೆದು ಬನ್ನಿ ಅಂದಿದ್ದಾರೆ."

ಕುಗಾ ಫೋಟೋವನ್ನು ಬೆಳಕಿಗೆ ಹಿಡಿದ. "ಮಂಡಿಯೂರಿದವರಿಗೆ ಕಣ್ಣು ಮಂಜಾಗಿರಬೇಕು. ಎಡಗಾಲಿಂದು ಒಂಚೂರು ಮುಂದಿದೆ."

"ಯಾರೋ ಎಡವಿದ್ದಾರೆ. ನಿಮ್ಮ ಪೇದೆಗಳೇ ಇರಬೇಕು."

"ಇರಬಹುದು," ಎಂದು ಕುಗಾ ಬೇಸರವಿಲ್ಲದೆ ಒಪ್ಪಿಕೊಂಡ. "ಆ ಮನೇಲಿ ಇರೋದು ಒರಿಯೆ ಅಮ್ಮನವರು ಒಬ್ಬರೇ. ತಲೆನೋವು ಅಂತ ಮಹಡಿ ಮೇಲೆ ಮಲಗಿದ್ದೆ, ಏನೂ ಕೇಳಿಸಲಿಲ್ಲ ಅಂದರು. ಮಿಕುರಿಯಾ ಮನೆಯವರು ತಲೆನೋವು ಅಂದರೆ ಈ ಊರು ಅವರ ಹಡಗು ಓಡ್ತಿದ್ದ ಕಾಲದಿಂದಲೂ ಬಾಗಿಲು ಮುಂದೆ ಮಾಡಿಕೊಂಡು ವಾಪಸ್ಸು ಹೋಗಿದೆ. ನಾನೂ ಹೋದೆ."

"ಬೂಟಿನ ಮೇಲೆ ಬೆರಳಚ್ಚು ತೆಗೆಸಿ. ಇಷ್ಟು ಮಾಡಿ ಸಾಕು."

"ಇಸೊಬೆಯವರೇ." ಅವನು ಫೋಟೋ ಕೆಳಗಿಟ್ಟ. ದನಿ ಇಳಿಯಿತು. ಅವನ ದನಿ ಇಳಿದಾಗಲೇ ತಮಾಕಿಗೆ ಹೆಚ್ಚು ಭಯ. "ನಿಮ್ಮ ತಮ್ಮ ಇವತ್ತು ಸಂಜೆ ಸಹಿ ಹಾಕ್ತೀನಿ ಅಂದಿದ್ದಾನೆ. ನಾನೇ ನೂಕಿದೆ ಅಂತ. ನಾನು ಬೈದಿಲ್ಲ, ಹೊಡೆದಿಲ್ಲ. ತಾನಾಗಿ ಅಂದ."

ಸಹಿ ಬಿದ್ದ ಮೇಲೆ ಮುಗಿಯಿತು. ಸಾಕ್ಷಾತ್ ಬುದ್ಧನೇ ಕಟಕಟೆಗೆ ಬಂದು ಇವನಲ್ಲ ಎಂದರೂ ನ್ಯಾಯಾಧೀಶರು ಆ ಕಾಗದವನ್ನು ತೋರಿಸಿ, ದಯವಿಟ್ಟು ಕೂತುಕೊಳ್ಳಿ ಎನ್ನುತ್ತಾರೆ. ಇದು ತಮಾಕಿಗೂ ಗೊತ್ತು, ಕುಗಾನಿಗೂ ಗೊತ್ತು. ತಮಾಕಿ ಹಣೆಯನ್ನು ಮೇಜಿಗೆ ಒತ್ತಿದಳು. ಮೇಜು ತಣ್ಣಗಿತ್ತು, ಬೆಳಿಗ್ಗೆ ಯಾರೋ ಒರೆಸಿದ ಬಟ್ಟೆಯ ವಾಸನೆ.

"ನಿಮ್ಮ ಕಾಲಿಗೆ ಬೀಳ್ತೀನಿ. ಆ ಬೂಟು ಮುಟ್ಟಿದ ಕೈ ಯಾವುದು ಅಂತ ಹುಡುಕಿ."

"ಏಳಿ," ಎಂದ ಕುಗಾ. "ನೋಡೋಣ."

ಅದಕ್ಕೆ ಮುಂಚೆ, ಅದೇ ಠಾಣೆಯ ಇನ್ನೊಂದು ಕೋಣೆಯಲ್ಲಿ, ತೂತು ತೂತಿನ ಗಾಜಿನ ಆಚೆ ಯಾಸುತೊನನ್ನು ಅವಳು ನೋಡಿ ಬಂದಿದ್ದಳು. ಬೆಲ್ಟು ಕಿತ್ತುಕೊಂಡಿದ್ದರು. ಪ್ಯಾಂಟು ಒಂದು ಕೈಯಲ್ಲಿ ಹಿಡಿದುಕೊಂಡು ಬಂದು ಕೂತಿದ್ದ. ಐವತ್ತು ಹತ್ತಿರವಾದ ಗಂಡಸು ಹಾಗೆ ಬಂದಾಗ ನಗುವೂ ಬರುವುದಿಲ್ಲ, ಅಳುವೂ ಬರುವುದಿಲ್ಲ.

"ಅಮ್ಮ ಹೇಗಿದ್ದಾಳೆ?" ಎಂದಿದ್ದ.

"ಮೂಲಂಗಿಗೆ ಉಪ್ಪು ಹಾಕ್ತಿದ್ದಾಳೆ. ನೀನು ಬರೋ ಹೊತ್ತಿಗೆ ಹದ ಬರಬೇಕು ಅಂತ."

ಅವನು ಗಾಜಿನ ಹತ್ತಿರಕ್ಕೆ ಬಾಗಿದ. "ಅಕ್ಕಾ, ಆ ಬೂಟಿನ ಮಾತು ಎತ್ತಬೇಡ."

"ಯಾಕೋ? ನಿನ್ನನ್ನ ಬಿಡಿಸೋಕೆ ಇರೋದು ಅದೊಂದೇ ಎಳೆ."

"ಎತ್ತಬೇಡ ಅಂದೆ, ಅಷ್ಟೆ. ನನಗೇನು ಹೆಂಡತಿಯಾ, ಮಕ್ಕಳಾ. ಟ್ಯಾಕ್ಸಿಗೂ ವಯಸ್ಸಾಯ್ತು."

"ಬುದ್ಧಿ ನೆಟ್ಟಗಿಟ್ಕೊಂಡು ಮಾತಾಡು."

"ಬುದ್ಧಿ ನೆಟ್ಟಗಿರೋದಕ್ಕೇ ಹೇಳ್ತಿದ್ದೀನಿ."

ಧೈರ್ಯ ಸೋತು ಹೋಗಿದೆ ಎಂದುಕೊಂಡಳು ತಮಾಕಿ. ಸೋತವನ ಮಾತು ಕೇಳಿ ಸುಮ್ಮನಿರುವ ಅಕ್ಕಂದಿರು ಆ ವಂಶದಲ್ಲಿ ಹುಟ್ಟಿಲ್ಲ.

*

ಒರಿಯೆ ಅಮ್ಮನವರು ಆ ವಾರ ತಮಾಕಿಯನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸುತ್ತ ಬಂದಿದ್ದರು. ಆದರೆ ಟಿಕೆಟ್ಟು ಕೊಂಡು ಬಂದ ಪ್ರವಾಸಿಗಳನ್ನು ಕಳಿಸುವ ಹಾಗಿಲ್ಲ. ಮನೆಯ ಮಾಡು ಸೋರದಂತೆ ಇರುವುದೇ ಆ ಟಿಕೆಟ್ಟಿನಿಂದ. ಹಾಗಾಗಿ ಒಳನಾಡಿನ ಒಂದು ಹಿರಿಯರ ಸಂಘದ ಬಸ್ಸು ಬಂದಾಗ ತಮಾಕಿ ತನ್ನ ಹಳದಿ ಬಾವುಟ ಹಿಡಿದು ಹೊರಟಳು. ಊರಿನ ದರ್ಶನ ಮಾಡಿಸುವುದು ಅವಳ ಕೆಲಸ. ತಮ್ಮ ಜೈಲಿನಲ್ಲಿದ್ದರೂ ದರ್ಶನ ನಿಲ್ಲುವುದಿಲ್ಲ.

ಮೊದಲು ಹವಾ ನೋಡುವ ಗುಡ್ಡ. ನೆತ್ತಿಯ ಮೇಲೆ ದಿಕ್ಕಿನ ಕಲ್ಲು. ಇಲಿ, ಎತ್ತು, ಹುಲಿ, ಮೊಲ ಎಂದು ದಿಕ್ಕಿಗೊಂದರಂತೆ ಹನ್ನೆರಡು ಪ್ರಾಣಿಗಳ ಹೆಸರು ಸುತ್ತಲೂ ಕೊರೆದ ದುಂಡು ಬಂಡೆ. ಹಡಗಿನ ನಾಯಕರು ಬೆಳಿಗ್ಗೆ ಇದರ ಮುಂದೆ ನಿಂತು ಗಾಳಿ ಮೂಸಿ, ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಕೆಳಗೆ ಕಡಲು ಸೀಸದ ಬಣ್ಣಕ್ಕೆ ತಿರುಗಿತ್ತು. ದೂರದಲ್ಲಿ ಗುಡುಗು ಉರುಳಿತು. ಈ ಗುಡುಗು ಕೇಳಿದರೆ ದಪ್ಪ ಬುರಿ ಮೀನು ದಡಕ್ಕೆ ಬರುತ್ತದೆಂದು ಮೀನುಗಾರರಿಗೆ ಖುಷಿ.

"ಒಂದು ಸಂಶಯ," ಎಂದು ಉಣ್ಣೆ ಟೋಪಿಯ ಮುದುಕರೊಬ್ಬರು ಕೈ ಎತ್ತಿದರು. "ಆ ಸತ್ತವನು ಬಿದ್ದ ಮೆಟ್ಟಿಲು ನಮ್ಮ ಟಿಕೆಟ್ಟಿನಲ್ಲಿ ಸೇರಿದೆಯಾ?"

"ಉಗ್ರಾಣ ಮುಚ್ಚಿದೆ."

"ಹೊರಗಿಂದ ಕಾಣಲ್ವಾ?"

"ಸುಮ್ಮನಿರಿ," ಎಂದರು ಅವರ ಹೆಂಡತಿ. ಆಮೇಲೆ ತಮಾಕಿಯ ಕಡೆ ಬಾಗಿ, "ಕೊಂದವನು ಸಿಕ್ಕಿದ್ದಾನಂತಲ್ಲ. ಟ್ಯಾಕ್ಸಿಯವನು. ನಾವು ಬಸ್ಸಲ್ಲಿ ಬಂದಿದ್ದೇ ಒಳ್ಳೇದಾಯ್ತು," ಎಂದರು.

"ಎಚ್ಚರಿಕೆ, ಇಲ್ಲಿ ಮೆಟ್ಟಿಲು ಜಾರುತ್ತೆ," ಎಂದಳು ತಮಾಕಿ. ಆ ಹೊತ್ತಿಗೆ ಅವಳ ಬಾಯಿಗೆ ಬಂದ ಮಾತುಗಳಲ್ಲಿ ಹೇಳಬಹುದಾದದ್ದು ಅದೊಂದೇ.

ಗುಡ್ಡ ಇಳಿದರೆ ಬಂದರಿನ ದೀಪಸ್ತಂಭ. ಕಲ್ಲಿನ ಪೀಠ, ಮರದ ಗೂಡು. ಮೀನೆಣ್ಣೆ ಉರಿಸುತ್ತಿದ್ದ ಕಾಲದ್ದು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಬೇರೆ ಊರಿನಲ್ಲಿ ಗಾದೆ, ನಮ್ಮೂರಲ್ಲಿ ಅನುಭವ, ಇದರ ಕೆಳಗಿನ ಮೆಟ್ಟಿಲಲ್ಲಿ ಎಡವದ ನಾಯಕನೇ ಇರಲಿಲ್ಲ ಎಂದು ತಮಾಕಿ ದಿನಾ ಹೇಳುವ ತಮಾಷೆಯನ್ನು ಹೇಳಿದಳು. ಹಿರಿಯರು ನಕ್ಕರು. ಉಣ್ಣೆ ಟೋಪಿಯವರು ಎಡವಿದರು.

ಕೊನೆಗೆ ಮಿಕುರಿಯಾ ಮನೆ. ಉಪ್ಪುಗಾಳಿಗೆ ಬೂದಿಬಣ್ಣಕ್ಕೆ ತಿರುಗಿದ ಹಲಗೆ ಗೋಡೆ, ಮಾಡಿನ ಮೇಲೆ ಗಾಳಿಗೆ ಹಾರದಿರಲೆಂದು ಹೇರಿದ ಕಲ್ಲುಗಳು. ಹಿರಿಯರು ಶೂಗಳನ್ನು ಗೂಡಿಗೆ ತುಂಬಿ, ಮನೆಯ ಚಪ್ಪಲಿ ಮೆಟ್ಟಿ, ದೊಡ್ಡ ಒಲೆಗುಂಡಿಯ ಸುತ್ತ ಚಹಾ ಹಿಡಿದು ಕೂತರು. ತಮಾಕಿ ಬಾವುಟವನ್ನು ಕಂಬಕ್ಕೆ ಒರಗಿಸಿ, ಒಳಗಿನ ಕಾಗದದ ಬಾಗಿಲು ಸರಿಸಿದಳು.

"ಇಷ್ಟು ಜನರನ್ನ ಗುರಾಣಿ ಹಿಡ್ಕೊಂಡು ಬಂದಿದ್ದೀಯ," ಎಂದರು ಒರಿಯೆ. ಕಾಲಿಗೆ ಕಂಬಳಿ ಹೊದ್ದು, ಎತ್ತರದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಪಟ್ಟಣದಿಂದ ಸೊಸೆಯಾಗಿ ಬಂದವರು. ಊರಿನ ಭಾಷೆ ಇನ್ನೂ ಅವರ ನಾಲಿಗೆಗೆ ಹತ್ತಿಲ್ಲ, ಅವರೂ ಹತ್ತಿಸಿಕೊಂಡಿಲ್ಲ.

"ಅಮ್ಮನವರೇ, ತೊಗಾನೊನನ್ನ ಒಳಗೆ ಕರೆದವರು ನೀವು."

"ಬಾಗಿಲು ಹಾಕು. ಚಳಿ ಬರ್ತಿದೆ."

ತಮಾಕಿ ಹಾಕಿದಳು. "ನಿಮ್ಮ ಉಗ್ರಾಣದಲ್ಲಿರೋ ದೇವಸ್ಥಾನದ ಹಳೆ ಹಡಗಿನ ಚಿತ್ರಗಳ ಮೇಲೆ ಅವನ ಕಣ್ಣಿತ್ತು. ಎರಡು ವರ್ಷದಿಂದ ಅಲೀತಿದ್ದ. ಅವತ್ತು ಬಂದ. ನೀವು ಮಾತಾಡೋಕೆ ಕರೆದಿರಿ. ಬೂಟು ತಿರುಗಿಸಿಟ್ಟಿರಿ. ಉಗ್ರಾಣಕ್ಕೆ ಕರ್ಕೊಂಡು ಹೋದಿರಿ. ನೂಕಿದಿರಿ ಅಂತ ನಾನು ಹೇಳಲ್ಲ. ಅವನೇ ಜಾರಿರಬಹುದು. ಬಂದಿದ್ದ, ನಾನೇ ಬಾಗಿಲು ತೆಗೆದೆ ಅಂತ ಒಂದು ಮಾತು ಪೊಲೀಸರಿಗೆ ಹೇಳಿ. ನನ್ನ ತಮ್ಮ ಸಂಜೆ ಸಹಿ ಹಾಕ್ತಾನೆ."

"ನಾನು ಬೂಟು ತಿರುಗಿಸಿದೆ ಅಂದೆಯಾ?" ಒರಿಯೆ ಅದೊಂದನ್ನೇ ಎತ್ತಿಕೊಂಡರು. "ತಮಾಕಿ, ನಾನು ಈ ಮನೆಗೆ ಬಂದಾಗ ಬೂಟು ತಿರುಗಿಸೋಕೆ ಅಂತಲೇ ಕೆಲಸದವರಿದ್ದರು. ಅವರೆಲ್ಲ ಹೋದ ಮೇಲೆ ಬಂದವರ ಬೂಟು ಬಂದ ಹಾಗೇ ಬಿದ್ದಿರುತ್ತೆ. ಅತ್ತೆ ನೋಡಿದ್ದರೆ ನನ್ನನ್ನ ತವರಿಗೆ ಕಳಿಸ್ತಿದ್ದರು." ಅವರು ಬೆರಳಿನಿಂದ ತಮ್ಮ ಸೊಂಟಕ್ಕೆ ತಟ್ಟಿದರು. ಗಟ್ಟಿ ಪ್ಲಾಸ್ಟಿಕ್ಕಿನ ಟಕ್ ಟಕ್ ಕೇಳಿಸಿತು. "ಬೇಸಿಗೆಯಲ್ಲಿ ಬೆನ್ನುಮೂಳೆ ಬಿರುಕು ಬಿಟ್ಟಿತು. ನನ್ನ ಕಾಲುಚೀಲ ನಾನೇ ಹಾಕಿಕೊಳ್ಳೋಕಾಗಲ್ಲ. ಊರಿಗೆ ಗೊತ್ತಾಗೋದು ಬೇಡ ಅಂತ ತಲೆನೋವು ಅನ್ನೋದು."

ಒಂದು ವಾರದಿಂದ ತಮಾಕಿ ಇದೊಂದು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಗೋಡೆಯೇ ಸೊಂಟಪಟ್ಟಿ ಕಟ್ಟಿಕೊಂಡು ನಿಂತಿದೆ.

ಬೇರೇನೂ ತೋಚದೆ ಮೊಬೈಲು ತೆಗೆದು, ಠಾಣೆಯಲ್ಲಿ ಇಳಿಸಿಕೊಂಡಿದ್ದ ಬೂಟಿನ ಫೋಟೋ ಮುಂದೆ ಹಿಡಿದಳು. "ಹಾಗಾದರೆ ಇದು ಯಾರ ಕೆಲಸ? ನಿಮ್ಮ ಮನೆ. ನಿಮ್ಮ ಕಲ್ಲು."

ಒರಿಯೆ ಕನ್ನಡಕ ಹಾಕಿಕೊಂಡು ನೋಡಿದರು. ಹೊರಗೆ ಹಿರಿಯರು ಯಾವುದಕ್ಕೋ ನಗುತ್ತಿದ್ದರು. ಒರಿಯೆ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಎಡಗಾಲಿನದು ಮುಂದಿದೆ," ಎಂದರು.

"ಯಾರೋ ಎಡವಿದ್ದು."

"ಎಡವಿದ್ದಲ್ಲ. ಇದು ನಮ್ಮ ಅತ್ತೆಯ ಕಟ್ಟಳೆ." ದನಿಯಲ್ಲಿನ ಪಟ್ಟಣದ ಗತ್ತು ಎಲ್ಲಿಗೋ ಹೋಗಿತ್ತು. "ಹಡಗಿನ ನಾಯಕರು ಹೊರಡುವಾಗ ಎಡಗಾಲು ಮೊದಲು ಇಡಬೇಕು, ಆಗ ಗಾಳಿ ಒಲೀತದೆ ಅಂತ ಈ ಮನೆಯ ನಂಬಿಕೆ. ಬಂದವರೆಲ್ಲ ನಾಯಕರೇ ಅಂತ ಅತ್ತೆಯ ಲೆಕ್ಕ, ಮೀನು ಮಾರೋಕೆ ಬಂದವರೂ ಸೇರಿ. ಎಡಗಾಲಿನ ಮೆಟ್ಟು ಹೆಬ್ಬೆರಳಿನಷ್ಟು ಮುಂದೆ ಇಡಬೇಕು. ಕೆಲಸದ ಹುಡುಗಿಯರು ಮರೆತರೆ ಬೀಸಣಿಗೆಯ ಕಡ್ಡಿಯಿಂದ ಗೆಣ್ಣಿನ ಮೇಲೆ ಹೊಡೀತಿದ್ದರು. ನನಗೆ ಕಲಿಸಲೇ ಇಲ್ಲ. ಪಟ್ಟಣದವಳು, ಕೈಗೆ ಹತ್ತಲ್ಲ ಅಂದರು."

"ಈ ಮನೆಯ ಹೊರಗೆ ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ನಿನಗೇ ಗೊತ್ತಿಲ್ಲ. ದಿನಾ ಬಾವುಟ ಹಿಡ್ಕೊಂಡು ಈ ಮನೆ ಚರಿತ್ರೆ ಹೇಳ್ತೀಯ."

"ಹಾಗಾದರೆ ಆಗ ಕೆಲಸಕ್ಕಿದ್ದವರು ಯಾರೋ ಬಾಗಿಲು ತೆಗೆದಿದ್ದಾರೆ."

"ಅಡಿಗೆಮನೆ ಬೀಗದ ಕೈ ಉಪ್ಪಿನಕಾಯಿ ಪೀಪಾಯಿಯ ಕಲ್ಲಿನ ಕೆಳಗಿರುತ್ತೆ. ಅತ್ತೆಯ ಕಾಲದಿಂದ ಅಲ್ಲೇ. ಗುಟ್ಟು. ಊರಿಗೆಲ್ಲ ಗೊತ್ತಿರೋ ಗುಟ್ಟು."

"ಯಾರು ಯಾರು ಇದ್ದರು, ಅಮ್ಮನವರೇ? ಹೆಸರು ಹೇಳಿ."

ಒರಿಯೆ ಅವಳನ್ನು ಬಹಳ ಹೊತ್ತು ನೋಡಿದರು. ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಮಾಕಿಗೆ ಅರ್ಥವಾಗುತ್ತಿತ್ತು.

"ಇಲ್ಲಿಗೇ ಬಿಟ್ಟುಬಿಡು."

"ಸಂಜೆ ಸಹಿ ಹಾಕ್ತಾನೆ ಅಂದೆನಲ್ಲ."

"ಬಿಡು ಅನ್ನೋಕೆ ನನಗೆ ಬಾಯಿಲ್ಲ. ಬಿಡಬೇಡ ಅನ್ನೋಕೂ ಇಲ್ಲ." ಅವರು ಮುಖ ತಿರುಗಿಸಿದರು. "ಹೋಗು. ನಿನ್ನ ಜನ ಬಿಸ್ಕತ್ತೆಲ್ಲ ಮುಗಿಸಿರ್ತಾರೆ."

ದೊಡ್ಡ ಮನೆಯವರು ತಮ್ಮ ಹಳೆಯ ಆಳನ್ನು ಬಿಟ್ಟುಕೊಡುವುದಿಲ್ಲ ಎಂದುಕೊಂಡಳು ತಮಾಕಿ.

*

ಬಸ್ಸು ಹೋಗುವ ಹೊತ್ತಿಗೆ ಆಲಿಕಲ್ಲು ಶುರುವಾಯಿತು. ತಮಾಕಿ ದೀಪಸ್ತಂಭದ ಗೂಡಿನ ಕೆಳಗೆ ಒತ್ತಿಕೊಂಡು ನಿಂತು ಕುಗಾನಿಗೆ ಫೋನು ಮಾಡಿದಳು. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. ಎಡಗಾಲು, ನಾಯಕರು, ಅತ್ತೆ, ಬೀಸಣಿಗೆ ಕಡ್ಡಿ, ಎಲ್ಲ ಹೇಳಿದಳು. ಒಂದೂ ಬಿಡಲಿಲ್ಲ.

ಆ ಕಡೆ ಕುಗಾ ಕಾಗದ ಮಗುಚುವ ಸದ್ದಾಯಿತು.

"ಕೇಳಿಸ್ತಾ?" ಎಂದಳು.

"ಕೇಳಿಸ್ತು. ಇಸೊಬೆಯವರೇ, ಬೆಳಿಗ್ಗೆ ನಿಮ್ಮ ಹತ್ತಿರ ಒಂದು ಮುಚ್ಚಿಟ್ಟಿದ್ದೆ. ಆ ಬೂಟು ನಾನು ಮೊದಲೇ ಪರೀಕ್ಷೆಗೆ ಕಳಿಸಿದ್ದೆ. ಈಗಷ್ಟೇ ಉತ್ತರ ಬಂತು. ಹಿಮ್ಮಡಿ ಮೇಲೆ ಎರಡು ಕೈಯ ಅಚ್ಚು ಇದೆ. ಚಿಕ್ಕ ಕೈ. ನಿಮ್ಮ ತಮ್ಮಂದಲ್ಲ."

ಅವಳು ಕಲ್ಲುಪೀಠವನ್ನು ಹಿಡಿದುಕೊಂಡಳು.

"ಸಹಿ?"

"ಇವತ್ತು ಬೇಡ ಅಂದಿದ್ದೀನಿ. ಅವನು ಹಾಕ್ತೀನಿ ಹಾಕ್ತೀನಿ ಅಂತ ಹಟ ಹಿಡಿದಿದ್ದಾನೆ. ಸಹಿ ಮಾಡಬೇಡ ಅಂತ ಆರೋಪಿಯ ಕೈ ಹಿಡಿದ ಪೊಲೀಸ್ ಈ ಜಿಲ್ಲೆಯಲ್ಲಿ ನಾನೇ ಮೊದಲು." ಕುಗಾ ಗಂಟಲು ಸರಿಮಾಡಿಕೊಂಡ. "ಹಳೆ ಒಡತಿಯ ಕಾಲದಲ್ಲಿ ಅಲ್ಲಿ ಯಾರು ಯಾರಿದ್ದರು ಅಂತ ಗೊತ್ತಾಗಬೇಕಲ್ಲ. ನಿಮ್ಮ ತಾಯಿ ಆ ಮನೇಲಿದ್ದರು ಅಂತ ನೀವೇ ಹೇಳಿದ್ದಿರಿ, ಪೆಟ್ಟಿಗೆ ವಿಷಯ ಬಂದಾಗ. ಅವರನ್ನ ಕೇಳಿದರೆ ಹೆಸರು ಹೇಳ್ತಾರೆ. ನಾನು ಈಗಲೇ ಹೊರಟೆ. ಒಂದು ಲೋಟ ಚಹಾ ಸಿಗುತ್ತೆ ತಾನೇ?"

"ಚಹಾ ಏನು, ಊಟ ಮಾಡಿಕೊಂಡು ಹೋಗಿ," ಎಂದಳು ತಮಾಕಿ. ಅಳುತ್ತಾ ನಗುತ್ತಿದ್ದಳು. "ಅಮ್ಮನಿಗೆ ಎಲ್ಲಾ ನೆನಪಿದೆ. ಯಾರ ಮನೆ ನಾಯಿ ಯಾವ ವರ್ಷ ಸತ್ತಿತು ಅಂತಲೂ ಹೇಳ್ತಾಳೆ."

ಏರುದಾರಿಯನ್ನು ಅವಳು ಹುಡುಗಿಯ ಹಾಗೆ ಓಡಿದಳು. ಬಾವುಟ ದೀಪಸ್ತಂಭದಲ್ಲೇ ಉಳಿಯಿತು.

*

ಬಾಗಿಲು ತಳ್ಳಿ ಒಳಗೆ ಬಂದವಳು ಶೂಗಳನ್ನು ಕಾಲಿನಿಂದಲೇ ಕಿತ್ತೆಸೆದಳು. ಒಂದು ಛತ್ರಿಯ ಡಬ್ಬಕ್ಕೆ ಬಡಿಯಿತು, ಇನ್ನೊಂದು ಮಗುಚಿಕೊಂಡಿತು.

"ಅಮ್ಮಾ. ಯಾಸುತೊ ಬರ್ತಾನೆ."

ಅಮ್ಮ ಅಡಿಗೆಮನೆಯಲ್ಲಿ ಮೂಲಂಗಿಯ ಪೀಪಾಯಿಯ ಮುಂದೆ ಕೂತಿದ್ದಳು. ಮಿತ್ಸುಯೆ ಎಂದು ಹೆಸರು. ಈಚೆಗೆ ಆ ಹೆಸರು ಹಿಡಿದು ಕರೆಯುವವರು ಆಸ್ಪತ್ರೆಯ ನರ್ಸು ಮಾತ್ರ. ಕೈಯೆಲ್ಲ ಉಪ್ಪು, ಅಕ್ಕಿತೌಡು. ತಲೆ ಎತ್ತಿದಳು. ಮುಖದಲ್ಲಿ ಸಂತೋಷ ಬರಲು ಸ್ವಲ್ಪ ತಡವಾಯಿತು. ವಯಸ್ಸಾದವರಿಗೆ ಎಲ್ಲವೂ ತಡವಾಗಿಯೇ ಬರುತ್ತದೆ.

"ಬಿಟ್ಟರಾ?"

"ಬಿಡ್ತಾರೆ. ಬೂಟಿನ ಮೇಲೆ ಬೇರೆಯವರ ಕೈಯಚ್ಚು ಸಿಕ್ಕಿದೆ. ಇನ್‌ಸ್ಪೆಕ್ಟರ್ ಇಲ್ಲಿಗೇ ಬರ್ತಿದ್ದಾರೆ, ನಿನ್ನನ್ನ ಏನೋ ಕೇಳಬೇಕಂತೆ. ಚಹಾಪುಡಿ ಎಲ್ಲಿಟ್ಟೆ?"

"ಮೇಲಿನ ಗೂಡಲ್ಲಿ." ಅಮ್ಮ ಕೈ ತೊಳೆದುಕೊಂಡಳು. "ಬಾಗಿಲಲ್ಲಿ ಏನೋ ಬಿದ್ದ ಸದ್ದಾಯ್ತಲ್ಲ."

"ನನ್ನ ಶೂ. ಬಿಡು."

ಅಮ್ಮ ಬಿಡಲಿಲ್ಲ. ಗೋಡೆ ಹಿಡಿದುಕೊಂಡು ಬಾಗಿಲ ಕಡೆ ಹೋದಳು. ತಮಾಕಿ ನೀರು ಕಾಯಲಿಟ್ಟಳು, ಲೋಟ ಒರೆಸಿದಳು, ಒಳ್ಳೆಯ ತಟ್ಟೆ ಹುಡುಕಿದಳು, ಸಿಗಲಿಲ್ಲ. ಅಮ್ಮನನ್ನೇ ಕೇಳೋಣವೆಂದು ಜಗಲಿಗೆ ಬಂದಳು.

ಅಮ್ಮ ಆಗಲೇ ಎದ್ದು ನಿಂತು ಮಂಡಿಯ ಧೂಳು ಕೊಡವಿಕೊಳ್ಳುತ್ತಿದ್ದಳು. ಕೆಳಗೆ ಮೆಟ್ಟುಗಲ್ಲಿನ ನಟ್ಟನಡುವೆ ತಮಾಕಿಯ ಶೂಗಳು ಬಾಗಿಲಿಗೆ ಮುಖ ಮಾಡಿ ನಿಂತಿದ್ದವು.

ಎಡಗಾಲಿನದು ಹೆಬ್ಬೆರಳಿನಷ್ಟು ಮುಂದೆ.

ಶಾಲೆಗೆ ಹೊರಟ ಪ್ರತಿ ಬೆಳಿಗ್ಗೆ ಅದು ಹಾಗೇ ಇತ್ತು. ಮದುವೆಗೆ ಹೊರಟ ದಿನ ಹಾಗೇ ಇತ್ತು. ಗಂಡ ಸತ್ತು ವಾಪಸ್ಸು ಬಂದು, ಮಾರನೆಯ ದಿನ ಕೆಲಸ ಕೇಳಲು ಹೊರಟಾಗಲೂ ಹಾಗೇ ಇತ್ತು. ಐವತ್ತು ವರ್ಷ ಕಾಲು ತೂರಿಸಿ ನಡೆದುಬಿಟ್ಟಿದ್ದಳು. ದಿನಾ ಕಾಣುವುದನ್ನು ಯಾರು ನೋಡುತ್ತಾರೆ.

ಯಾಸುತೊ ನೋಡಿದ್ದ. ಹೆಣ ಕಾಣುವ ಮೊದಲೇ, ಮಿಕುರಿಯಾ ಮನೆಯ ಬಾಗಿಲಲ್ಲಿ ನಿಂತು, ಆ ಕಲ್ಲಿನ ಮೇಲೆ ಅಮ್ಮನ ಕೈಗುರುತನ್ನು ನೋಡಿದ್ದ. ಬೂಟಿನ ಮಾತು ಎತ್ತಬೇಡ ಎಂದಿದ್ದ. ಬೆಳಿಗ್ಗೆ ಮೇಜಿಗೆ ಹಣೆ ಹಚ್ಚಿ, ಮಧ್ಯಾಹ್ನ ಗಾಳಿಯಲ್ಲಿ ಕೂಗಿ ಕೂಗಿ, ಆ ಮಾತನ್ನು ಪೂರ್ತಿ ಎತ್ತಿ ಪೊಲೀಸರ ಕೈಗಿಟ್ಟವಳು ಅಕ್ಕ.

"ಅಮ್ಮಾ," ಎಂದಳು. "ಅವತ್ತು ನೀನು ಎಲ್ಲಿ..."

ಹೊರಗೆ ಕಾರು ನಿಂತಿತು. ಬಾಗಿಲು ಸರಿಯಿತು.

"ತೊಂದರೆ ಕೊಡ್ತಿದ್ದೀನಿ," ಎಂದು ಕುಗಾ ಒಳಗೆ ಬಂದ. ಹೆಗಲಿನ ಮೇಲೆ ಆಲಿಕಲ್ಲು ಕರಗುತ್ತಿತ್ತು. ಕಲ್ಲಿನ ಮೇಲಿದ್ದ ತಮಾಕಿಯ ಶೂಗಳನ್ನು ಅವನು ನೋಡಿದನೋ ಇಲ್ಲವೋ ತಿಳಿಯಲಿಲ್ಲ, ಅಷ್ಟರಲ್ಲಿ ಅವಳು ಇಳಿದು ಅವನ್ನು ಮೂಲೆಗೆ ತಳ್ಳಿದ್ದಳು. ಕುಗಾ ತನ್ನ ಬೂಟು ಬಿಚ್ಚಿ, ಹೆಂಡತಿ ಹೇಳಿದ್ದನ್ನು ಎಂದಿನಂತೆ ಮರೆತು, ಹಾಗೇ ಬಿಟ್ಟು ಜಗಲಿ ಹತ್ತಿದ.

"ಬನ್ನಿ ಬನ್ನಿ, ಒಳಗೆ ಬೆಚ್ಚಗಿದೆ," ಎಂದಳು ಅಮ್ಮ. ತಲೆಬಾಗಿದಳು. ಆಮೇಲೆ, ಉಸಿರಾಡಿದಷ್ಟೇ ಸಹಜವಾಗಿ, ಅವನ ಬೆನ್ನ ಹಿಂದೆ ಮಂಡಿಯೂರಿದಳು.

"ಅಮ್ಮಾ, ನಾನು ಮಾಡ್ತೀನಿ," ಎಂದಳು ತಮಾಕಿ. "ಇನ್‌ಸ್ಪೆಕ್ಟರೇ, ನೀವು ಒಳಗೆ ನಡೀರಿ. ಚಹಾ ಆರುತ್ತೆ."

ಕುಗಾ ಎರಡು ಹೆಜ್ಜೆ ಒಳಗೆ ನಡೆದ. ಅಮ್ಮನ ಚಿಕ್ಕ ಕೈಗಳು ಆಗಲೇ ಬೂಟುಗಳನ್ನು ತಿರುಗಿಸಿ ಕಲ್ಲಿನ ಮೇಲೆ ಇಟ್ಟಿದ್ದವು. ಬಲಗಾಲಿನದು. ಎಡಗಾಲಿನದು. ತಮಾಕಿ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ಕುಕ್ಕರಿಸಿ, ಎಡಗಾಲಿನದನ್ನು ಬೆರಳ ತುದಿಯಿಂದ ಹಿಂದಕ್ಕೆ ಎಳೆದು ಸಮ ಮಾಡಿದಳು. ಸದ್ದಾಗಬಾರದೆಂದು ಉಸಿರು ಹಿಡಿದಿದ್ದಳು. ಆದರೂ ಬೂಟಿನ ಹಿಮ್ಮಡಿ ಕಲ್ಲಿಗೆ ಉಜ್ಜಿ ಕಿರ್ ಎಂದಿತು.

ಒಳಗಿನ ಹೆಜ್ಜೆ ನಿಂತಿತು. ಕುಗಾ ತಿರುಗಿದ. ಅವನು ಕಲ್ಲನ್ನು ನೋಡಲಿಲ್ಲ. ಕಲ್ಲಿನ ಮುಂದೆ ಬರಿಗಾಲಲ್ಲಿ ಕೂತಿದ್ದವಳನ್ನು ನೋಡಿದ.

"ಹಾಗಲ್ಲ ಕಣೇ," ಎಂದಳು ಅಮ್ಮ. ಉಪ್ಪು ಸಾಲದು ಎನ್ನುವಾಗ ಇರುವಷ್ಟೇ ಸಮಾಧಾನ ಆ ದನಿಯಲ್ಲಿತ್ತು. ಅವಳು ಮಗಳ ಕೈಯನ್ನು ಮೆಲ್ಲಗೆ ಸರಿಸಿ, ಎಡಗಾಲಿನ ಬೂಟನ್ನು ಮತ್ತೆ ಮುಂದಕ್ಕೆ ನೂಕಿ, ತಲೆ ಎತ್ತಿ ಇನ್‌ಸ್ಪೆಕ್ಟರನ್ನು ನೇರವಾಗಿ ನೋಡಿದಳು. "ಎಡಗಾಲಿಂದು ಮುಂದಿರಬೇಕು. ಹೊರಡೋರಿಗೆ ಗಾಳಿ ಒಲೀತದೆ."